ಸುಭಾನಿ ಕಾಣದ ಚೌಕಗಳು

ಗಜೇಂದ್ರಗಡದ ಫೋಟೋಗ್ರಾಫರ್ ಮೆಹಬೂಬಸುಭಾನಿ ಈ ಬೇಸಿಗೆಯಲ್ಲಿ ತೀರಿಕೊಂಡ. ಬೆಳಿಗ್ಗೆ ಸ್ಟುಡಿಯೋದ ಬಾಗಿಲು ತೆರೆದು, ಗಿರಾಕಿಗಳ ಕುರ್ಚಿ ಒರೆಸಿ, ಸುಸ್ತಾಯಿತೆಂದು ಅದರ ಮೇಲೆ ತಾನೇ ಕುಳಿತ. ಮತ್ತೆ ಏಳಲಿಲ್ಲ. ಮಣ್ಣಿಗೆ ಬಂದವರೆಲ್ಲ ಅವನ ಚಾಷ್ಟಿಯನ್ನೇ ನೆನೆದರು. ಅಳುವ ಕೂಸನ್ನು ಅವನು ನಗಿಸುತ್ತಿದ್ದ ರೀತಿ, ಮದುಮಗನ ಬಿಗಿದ ಮೋರೆಯನ್ನು ಒಂದೇ ಮಾತಿನಲ್ಲಿ ಸಡಿಲಿಸುತ್ತಿದ್ದ ರೀತಿ. ಅದೆಲ್ಲ ಖರೆ. ಆದರೆ ಅವನು ಬಾಳಿನ ಕೊನೆಯ ಹಲವು ವರ್ಷಗಳನ್ನು ಒಂದು ದೊಡ್ಡ ಅಂಜಿಕೆಯ ಜೊತೆ ಕಳೆದ. ಅದನ್ನು ಬಲ್ಲವರು ಕಡಿಮೆ. ಆ ಅಂಜಿಕೆಯನ್ನು ಬಿಟ್ಟು ಅವನ ಬಗ್ಗೆ ಬರೆದರೆ ಅರ್ಧ ಮನುಷ್ಯನ ಬಗ್ಗೆ ಬರೆದಂತಾಗುತ್ತದೆ.

ಅದು ಶುರುವಾದದ್ದು ಡಿಜಿಟಲ್ ಕ್ಯಾಮರಾ ಮನೆಗೆ ಬಂದ ವರ್ಷ.

ಅಲ್ಲಿಯವರೆಗೆ ಸುಭಾನಿಯದು ರೀಲಿನ ಕ್ಯಾಮರಾ. ಕಬ್ಬಿಣದ ತುಂಡಿನಂತೆ ಭಾರ. ಗದಗಿನ ಲ್ಯಾಬಿನವರು ಇನ್ನು ರೀಲು ತೊಳೆಯುವುದಿಲ್ಲ ಎಂದು ಕೈಯೆತ್ತಿದ ಮೇಲೆ ಬೇರೆ ದಾರಿ ಇರಲಿಲ್ಲ. ಹುಬ್ಬಳ್ಳಿಗೆ ಹೋಗಿ ಹೊಸದನ್ನು ತಂದ. ಪೆಟ್ಟಿಗೆ ಬಿಚ್ಚಿ ಕೈಯಲ್ಲಿ ಹಿಡಿದಾಗ ಅವನಿಗೆ ಮೊದಲು ಅನ್ನಿಸಿದ್ದು, ಇದು ಹಗುರ, ಮಕ್ಕಳ ಆಟದ ಸಾಮಾನಿನಷ್ಟು ಹಗುರ. ಬಟನ್ ಒತ್ತಿದರೆ ಹಳೆಯದರ 'ಖಟಕ್' ಇಲ್ಲ. ಯಾರೋ ನಾಲಿಗೆಯಿಂದ ಲೊಚಗುಟ್ಟಿದಂಥ ಸದ್ದು. ಒಂದೊಂದು ಫೋಟೋ ಆದ ಮೇಲೂ ಅವನ ಹೆಬ್ಬೆರಳು ತಾನಾಗಿಯೇ ರೀಲು ಸುತ್ತುವ ಕಡ್ಡಿಯನ್ನು ಹುಡುಕಿಕೊಂಡು ಹೋಗಿ, ಅಲ್ಲೇನೂ ಸಿಗದೆ, ತೆಪ್ಪಗೆ ವಾಪಸು ಬರುತ್ತಿತ್ತು. ಎಲ್ಲಕ್ಕಿಂತ ಹೆಚ್ಚು ಹೆದರಿಸಿದ್ದು ಹಿಂದಿನ ಸ್ಕ್ರೀನು. ತೆಗೆದದ್ದು ತಕ್ಷಣ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ರೀಲಿನ ಕಾಲದಲ್ಲಿ ತಪ್ಪು ಮೊದಲು ಲ್ಯಾಬಿನಿಂದ ಬಂದ ಲಕೋಟೆಯಲ್ಲಿ, ಅವನೊಬ್ಬನಿಗೇ ಕಾಣುತ್ತಿತ್ತು.

ಕಣ್ಣು ಇಡುವ ಕಿಂಡಿಯೊಳಗೆ ಒಂಬತ್ತು ಸಣ್ಣ ಸಣ್ಣ ಕಪ್ಪು ಚೌಕಗಳಿದ್ದವು. ಬಟನ್ ಅರ್ಧ ಒತ್ತಿದರೆ, ಕ್ಯಾಮರಾ ಎಲ್ಲೆಲ್ಲಿ ನೋಟ ನಿಲ್ಲಿಸಿತೋ ಅಲ್ಲಿನ ಚೌಕಗಳು ಕೆಂಪಗೆ ಮಿಂಚಿ ಆರುತ್ತಿದ್ದವು. "ಒಳಗ ದೀಪಾವಳಿ ನಡದೈತಿ" ಎಂದು ಹೆಂಡತಿ ಶರೀಫಾಬಿಗೆ ತೋರಿಸಿ ನಕ್ಕಿದ್ದ. ಆ ನಗೆ ಹೆಚ್ಚು ದಿನ ಉಳಿಯಲಿಲ್ಲ.

ಅಬ್ಬಿಗೇರಿಯ ಕಳಕೇಶನ ಮನೆಯಲ್ಲಿ ಮಗಳು ಉಮಾಶ್ರೀಯ ಕುಬಸ ಇತ್ತು. ಬಸುರಿ ಮಗಳಿಗೆ ಹಸಿರು ಸೀರೆ ಉಡಿಸಿ, ಕೈತುಂಬ ಹಸಿರು ಬಳೆ ಇಡಿಸಿ, ಉಡಿ ತುಂಬುವ ದಿನ. ಕಳಕೇಶನ ತಾಯಿ ಮುದುಕವ್ವ ಗಂಡನನ್ನು ಕಳೆದುಕೊಂಡವಳು. ಇಂಥ ಕಾರ್ಯದಲ್ಲಿ ಆಕೆ ಅಡುಗೆಮನೆಯ ಹೊಸ್ತಿಲು ದಾಟಿದವಳಲ್ಲ. ಆ ದಿನ ಉಮಾಶ್ರೀ ಹಟ ಹಿಡಿದಳು.

"ಆಯಿ ಬಂದು ನನ್ನ ಸಾಲಿನ್ಯಾಗ ಕುಂದ್ರದಿದ್ರ ನನಗ ಫೋಟೋನೂ ಬ್ಯಾಡ, ಕುಬಸಾನೂ ಬ್ಯಾಡ."

ಹಿರಿಯ ಹೆಂಗಸರು ಒಬ್ಬರ ಮೋರೆ ಒಬ್ಬರು ನೋಡಿಕೊಂಡರು. ಕೊನೆಗೆ ಮುದುಕವ್ವ ಸೆರಗನ್ನು ಹಣೆಯ ಮೇಲೆ ಎಳೆದುಕೊಂಡು ಬಂದು, ಜಮಖಾನದ ಎಡ ತುದಿಯಲ್ಲಿ, ಎಲ್ಲರಿಗಿಂತ ಮುಂದೆ, ಮುದ್ದೆಯಾಗಿ ಕುಳಿತಳು. ಸುಭಾನಿ ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಕಿಂಡಿಗಿಟ್ಟ. ಹುಡುಗನಾಗಿದ್ದಾಗಿನಿಂದ ಹಾಗೇ. ನೋಟವನ್ನು ನಡುವೆ ನೆಟ್ಟು, ಅಂಚುಗಳನ್ನು ಕಡೆಗಣ್ಣಿನಿಂದಲೇ ಅಳೆಯುವುದು ಅವನ ರೂಢಿ. ಎಲ್ಲರೂ ಇದ್ದಾರೆ ಅನ್ನಿಸಿತು. ಒತ್ತಿದ.

"ತೋರಸ್ರಿ, ತೋರಸ್ರಿ!" ಎಂದು ಜನ ಅವನ ಬೆನ್ನ ಮೇಲೆ ಬಿದ್ದರು. ಸ್ಕ್ರೀನಿನಲ್ಲಿ ಉಮಾಶ್ರೀ ಇದ್ದಳು, ಮುತ್ತೈದೆಯರು ಇದ್ದರು, ಎಡ ತುದಿಯಲ್ಲಿ ಬಿಳಿ ಸೀರೆಯ ಒಂದು ಮಡಿಕೆ ಮತ್ತು ಒಂದು ಮೊಣಕೈ ಇತ್ತು. ಮುದುಕವ್ವ ಇರಲಿಲ್ಲ.

ಕಳಕೇಶನ ಮೋರೆ ಕೆಂಪಾಯಿತು.

"ಏನಪಾ ಸುಭಾನಿ, ನಮ್ಮವ್ವನ್ನ ಬೇಕಂತ ಬಿಟ್ಟಿಯೇನು? ಯಾರರೆ ಮೊದಲ ಹೇಳಿಟ್ಟಿದ್ರೇನು ನಿನಗ?"

"ಇಲ್ರಿ, ಅಲ್ಲಾನ ಆಣಿಗೂ ಇಲ್ರಿ..."

"ಬೈಬ್ಯಾಡೋ ಅಂವಗ," ಎಂದಳು ಮುದುಕವ್ವ, ಏಳಲು ಕೈಯೂರುತ್ತ. "ಆ ಪೆಟಗಿಗೂ ಗೊತ್ತೈತಿ, ಎಂಥಾ ಕೆಲಸದಾಗ ಎಂಥಾವ್ರು ಇರಬಾರದಂತ."

ಸುಭಾನಿ ಆಕೆಯ ಮುಂದೆ ಮೊಣಕಾಲೂರಿ ಕುಳಿತ. "ಹಂಗನಬ್ಯಾಡಬೇ ಯವ್ವಾ. ಹೊಸಾ ಕ್ಯಾಮರಾ, ಇನ್ನ ಕೈಗೆ ಹತ್ತಿಲ್ಲ. ತಪ್ಪ ನಂದು. ನೀ ಎದ್ದರ ನಾ ಈ ಊರಾಗ ಮತ್ತ ಕಾಲಿಡೂದಿಲ್ಲ."

ಮುದುಕವ್ವ ಕುಳಿತಳು. ಅವನು ನಾಲ್ಕು ಹೆಜ್ಜೆ ಹಿಂದೆ ಸರಿದು ಮತ್ತೆ ತೆಗೆದ. ಈ ಸಲ ಆಕೆ ಫೋಟೋದೊಳಗೆ ಬಂದಳು. ಉಮಾಶ್ರೀ ನಕ್ಕಳು, ಕಳಕೇಶ ಹೋಳಿಗೆ ಬಡಿಸಿದ, ಮಾತು ಅಲ್ಲಿಗೆ ಮುಗಿಯಿತು. ಸುಭಾನಿ ಮಾತ್ರ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದ. ಅಂಚು ಕಡಿದದ್ದು ದೊಡ್ಡದಲ್ಲ, ಯಾರ ಕೈಯಲ್ಲೂ ಆಗುವಂಥದು. ಆದರೆ ಬಟನ್ ಒತ್ತಿದ ಗಳಿಗೆಯಲ್ಲಿ ಅವನಿಗೆ ಏನೂ ಕೊರತೆ ಕಂಡಿರಲಿಲ್ಲ. ಒಬ್ಬ ಹೆಂಗಸು ಹೆಚ್ಚುಕಡಿಮೆ ಪೂರ್ತಿ ಹೊರಗುಳಿದಿದ್ದಳು, ಅವನ ಕಣ್ಣು ಎಲ್ಲ ಸರಿಯಿದೆ ಎಂದಿತ್ತು.

ಸುಭಾನಿಗೆ ತನ್ನಪ್ಪ ನೆನಪಾದ. ಅಪ್ಪ ಖಾದರಸಾಬ ರೋಣದಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದ. ಒಂದು ವರ್ಷ ಅವನ ಅಕ್ಷರಗಳು ಸಾಲು ಬಿಟ್ಟು ಕೆಳಗಿಳಿಯತೊಡಗಿದವು. ಜನ ಕುಡಿದು ಬರೆಯುತ್ತಾನೆ ಎಂದರು, ಅವನು ಕುಡಿಯುತ್ತಿರಲಿಲ್ಲ. ಆಮೇಲೆ ಬಾಗಿಲ ಚೌಕಟ್ಟಿಗೆ ಬಡಿದುಕೊಳ್ಳತೊಡಗಿದ. ಕೊನೆಯ ವರ್ಷಗಳನ್ನು ಖಾದರಸಾಬ ಕಟ್ಟೆಯ ಮೇಲೆ ಕುಳಿತು, ಹಾದು ಹೋಗುವವರನ್ನು ಹೆಜ್ಜೆಯ ಸದ್ದಿನಿಂದ ಗುರುತಿಸುತ್ತ ಕಳೆದ. ಸುಭಾನಿ ಅವನ ಊರುಗೋಲಾಗಿದ್ದವ. ಹೆಗಲ ಮೇಲೆ ಆ ಕೈಯ ಭಾರ ಹೇಗಿತ್ತೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮರುದಿನ ಸ್ಟುಡಿಯೋದ ಬಿಳಿ ಗೋಡೆಗೆ ಕ್ಯಾಮರಾ ಹಿಡಿದು, ನೋಟವನ್ನು ನಡುವೆ ನೆಟ್ಟು, ಬಟನ್ ಅರ್ಧ ಒತ್ತಿದ. ಚೌಕಗಳು ಮಿಂಚಿದವು. ಏಳು. ಮತ್ತೊಮ್ಮೆ ಒತ್ತಿದ. ಏಳೇ. ಎಡಗಡೆಯ ಒಂದು, ಅದರ ಕೆಳಗಿನ ಒಂದು ಮಿಂಚಲಿಲ್ಲ. ಕಣ್ಣು ಹೊರಳಿಸಿ ಅತ್ತ ನೋಡಿದರೆ ಕಪ್ಪು ಗೆರೆಯ ಚೌಕಗಳು ಅಲ್ಲೇ ಇದ್ದವು. ಹಾಗಾದರೆ ಚೌಕಗಳಿವೆ, ದೀಪ ಹತ್ತುತ್ತಿಲ್ಲ. ಅವನಿಗೆ ಎಷ್ಟು ಸಮಾಧಾನವಾಯಿತೆಂದರೆ ಗಟ್ಟಿಯಾಗಿ ನಕ್ಕುಬಿಟ್ಟ. ಕ್ಯಾಮರಾದ ಎರಡು ದೀಪ ಸುಟ್ಟಿವೆ, ಅಷ್ಟೇ!

ಪಕ್ಕದ ಜವಳಿ ಅಂಗಡಿಯ ಪ್ರಭುಲಿಂಗಪ್ಪನನ್ನು ಕರೆದ.

"ಏನೋ, ಹೊಸಾ ಮದವಿ ಮಾಡಿಕೊಂಡವರಂಗ ಹಗಲೆಲ್ಲಾ ಅದನ್ನ ಅಪ್ಪಿಕೊಂಡ ಕುಂತೀಯಲ್ಲ?" ಎನ್ನುತ್ತ ಪ್ರಭುಲಿಂಗಪ್ಪ ಬಂದ.

"ಶೆಟ್ರ, ಚಾಷ್ಟಿ ಆಮ್ಯಾಲ. ಇದರಾಗ ನೋಡಿ ಬಟನ್ ಅರ್ಧಾ ಒತ್ರಿ. ಎಷ್ಟ ದೀಪ ಹತ್ತತಾವು?"

"ಒಂಬತ್ತ."

"ಬರೋಬ್ಬರಿ ನೋಡ್ರಿ. ಚೌಕ ಎಣಸಬ್ಯಾಡ್ರಿ, ಹತ್ತಿದ್ದ ಎಣಸ್ರಿ."

"ಲೇ, ನಾ ದಿನಾ ಮೀಟರ್ ಹಿಡದು ಅರಿವಿ ಹರಿಯಾಂವ. ಒಂಬತ್ತಕ್ಕ ಏಳ ಅನ್ನಾಕ ನನಗೇನ ಮಳ್ಳ ಹಿಡದೈತೇನು? ಒಂಬತ್ತೂ ಹತ್ತಿದ್ವು."

ಶೆಟ್ಟರಿಗೆ ವಯಸ್ಸಾಗಿದೆ, ಜೀವಮಾನದಲ್ಲಿ ಕ್ಯಾಮರಾ ಮುಟ್ಟಿದವರಲ್ಲ, ಕಪ್ಪು ಗೆರೆಗಳನ್ನೇ ಎಣಿಸಿರಬೇಕು ಎಂದು ಸುಭಾನಿ ತನಗೆ ತಾನೇ ಹೇಳಿಕೊಂಡ. ಎಡಗಣ್ಣಿಟ್ಟು ನೋಡಿದ್ದರೆ ಒಂದೇ ಗಳಿಗೆಯಲ್ಲಿ ಇತ್ಯರ್ಥವಾಗುತ್ತಿತ್ತು. ಅದು ಅವನಿಗೆ ಹೊಳೆಯದೆ ಇರಲಿಲ್ಲ. ಆದರೆ ಎಡಗಣ್ಣಿಗೆ ಒಂಬತ್ತೂ ಕಂಡರೆ ಬಲಗಣ್ಣು ಹೋದಂತೆ, ಎಡಗಣ್ಣಿಗೂ ಕಾಣದಿದ್ದರೆ? ಆ ಎರಡನೆಯ ಮಾತನ್ನು ಅವನ ಮನಸ್ಸು ಪೂರ್ತಿ ಆಡಲೇ ಇಲ್ಲ. ಹೊಸ ಸಾಮಾನು ಕೆಟ್ಟಿರಲಿ ಎಂದು ದರ್ಗಾದಲ್ಲಿ ಸಕ್ಕರೆ ಹಂಚುವ ಹರಕೆ ಹೊತ್ತವ ಈ ಸೀಮೆಯಲ್ಲಿ ಅವನೊಬ್ಬನೇ ಇರಬೇಕು.

ಹುಬ್ಬಳ್ಳಿಯ ಅಂಗಡಿಯಲ್ಲಿ ಸಾಜೀದ ಎಂಬ ತರುಣ ಕ್ಯಾಮರಾವನ್ನು ತಿರುವಿ ಮುರುವಿ ನೋಡಿದ.

"ಎಲ್ಲಾ ಹತ್ತಾಕತ್ತಾವಲ್ರಿ ಚಾಚಾ. ಏನೂ ಆಗಿಲ್ಲ ಇದಕ್ಕ."

"ಎಡಕ್ಕ ಎರಡ ಹತ್ತೂದಿಲ್ಲಪಾ. ಬೇರೆ ಕೊಡು."

ಸಾಜೀದ ಬೇರೆಯದನ್ನೇ ಕೊಟ್ಟ, ಪೆಟ್ಟಿಗೆ ಒಡೆದು, ಹೊಚ್ಚ ಹೊಸದು. ಸುಭಾನಿ ನೋಡಿದ. ಏಳು. ತರುಣ ಅವನ ಮೋರೆಯನ್ನೇ ನೋಡುತ್ತಿದ್ದವ, ದನಿ ತಗ್ಗಿಸಿದ.

"ಚಾಚಾ, ಎಡಗಣ್ಣಿಲೆ ಒಂದ ಸಲ ನೋಡ್ರಿ."

"ನನ್ನ ಕಣ್ಣಿನ ಪಂಚಾಯ್ತಿ ನಿನಗ್ಯಾಕಪಾ?" ಎಂದು ಸುಭಾನಿ ಸಿಡುಕಿ, ತನ್ನ ಕ್ಯಾಮರಾ ಕಸಿದುಕೊಂಡು ಹೊರಬಿದ್ದ.

ನರಗುಂದದಲ್ಲಿ ಬಸ್ಸು ಬದಲಿಸಿ ರೋಣದ ಬಸ್ಸು ಹತ್ತಿದ. ಕಡಲೆ ಕಿತ್ತ ಹೊಲಗಳು ಎರಡೂ ಕಡೆ ಕಪ್ಪಗೆ, ತಡೆಯೇ ಇಲ್ಲದೆ ಹರಡಿದ್ದವು. ಎದುರಿನ ಸೀಟಿನಲ್ಲಿ, ಸ್ವಲ್ಪ ಎಡಕ್ಕೆ, ಬಿಳಿ ಟೊಪ್ಪಿಗೆಯ ಒಬ್ಬ ಮುದುಕ ತೂಕಡಿಸುತ್ತಿದ್ದ. ಸುಭಾನಿ ಎಡಗಣ್ಣು ಮುಚ್ಚಿದ. ಡ್ರೈವರನ ಮುಂದಿನ ಗಾಜಿನ ನಡುವಿಗೆ, ಟೊಪ್ಪಿಗೆಗಿಂತ ಕೊಂಚ ಮೇಲಕ್ಕೆ, ನೋಟ ನೆಟ್ಟ. ಟೊಪ್ಪಿಗೆ ಇಲ್ಲ. ಅದಿದ್ದ ಜಾಗದಲ್ಲಿ ಕತ್ತಲೆ ಬಂದಿದ್ದರೆ, ತೂತು ಬಿದ್ದಂತಾಗಿದ್ದರೆ, ಅವನು ಅಷ್ಟು ಹೆದರುತ್ತಿರಲಿಲ್ಲವೇನೋ. ಅಲ್ಲಿ ಸೀಟಿನ ಹಸಿರು ಬಣ್ಣ ತಾನಾಗಿಯೇ ಹಬ್ಬಿ ಮುಚ್ಚಿಕೊಂಡಿತ್ತು. ಒಬ್ಬ ಮನುಷ್ಯನ ತಲೆಯ ಮೇಲೆ ಯಾರೋ ನಾಜೂಕಾಗಿ ಬಣ್ಣ ಬಳಿದಿದ್ದರು. ಎರಡೂ ಕಣ್ಣು ತೆರೆದರೆ ಟೊಪ್ಪಿಗೆ ಬರುತ್ತಿತ್ತು. ಎಡಗಣ್ಣು ಮುಚ್ಚಿದರೆ ಹೋಗುತ್ತಿತ್ತು. ರೋಣ ಬರುವವರೆಗೂ ಅವನು ಅದನ್ನೇ ಮಾಡಿದ. ಬಲಗಣ್ಣನ್ನು ಮುಚ್ಚಿ ನೋಡಲು ಮಾತ್ರ ಒಮ್ಮೆಯೂ ಧೈರ್ಯ ಬರಲಿಲ್ಲ.

ಮನೆಯಲ್ಲಿ ಹೇಳಲಿಲ್ಲ. ಕಾರ್ಯಗಳಿಗೆ ಕರೆಯಲು ಬಂದವರಿಗೆ ಮೈಯಲ್ಲಿ ಹುಷಾರಿಲ್ಲ ಎಂದ. ಪಾಸ್‌ಪೋರ್ಟ್ ಅಳತೆಯ ಫೋಟೋ ಮಾತ್ರ ತೆಗೆಯುತ್ತಿದ್ದ. ಅದರಲ್ಲಿ ಒಂದೇ ಮೋರೆ, ಅದೂ ನಡುವೆ. ಗಿರಾಕಿ ಇಲ್ಲದಾಗ ಗೋಡೆಗೆ ಕ್ಯಾಮರಾ ಹಿಡಿದು ಎಣಿಸುತ್ತಿದ್ದ. ಒಂದು ದಿನ ಆರೇ ಕಂಡಂತಾಯಿತು. ಮತ್ತೆ ಎಣಿಸಿದಾಗ ಏಳು. ಬೀದಿಯಲ್ಲಿ ನಡೆಯುವಾಗ ತನಗೇ ತಿಳಿಯದೆ ಗೋಡೆಯ ಬದಿಗೆ ಕೈಚಾಚಿ ಹೋಗತೊಡಗಿದ, ಇನ್ನೂ ಎಲ್ಲ ಕಾಣುತ್ತಿದ್ದರೂ.

ಒಂದು ಸಂಜೆ ಅಂಗಳದಲ್ಲಿ ಕುಳಿತು, ಗೂಟದ ಮೇಲಿನ ಟವೆಲನ್ನು ನೋಡುತ್ತ ಎಡಗಣ್ಣು ಮುಚ್ಚಿ ತೆರೆದು ಮಾಡುತ್ತಿದ್ದ. ಶರೀಫಾಬಿ ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈಯಲ್ಲೇ ಎದುರು ಬಂದು ನಿಂತಳು.

"ಯಾಕ್ರಿ, ಈ ವಯಸ್ಸಿನ್ಯಾಗ ಯಾರಿಗೆ ಕಣ್ಣ ಹೊಡಿಯಾಕ ರೂಢಿ ಮಾಡಾಕತ್ತೀರಿ? ಟವೆಲ್ಲಿಗೇನು?"

ಬೇರೆ ದಿನವಾಗಿದ್ದರೆ ಅವನು ಅದಕ್ಕೆ ಸರಿಯಾದ ಜವಾಬು ಕೊಡುತ್ತಿದ್ದ. ಆ ದಿನ ಬಾಯಿ ತೆರೆದ, ಅಳು ಬಂತು.

"ಶರೀಫಾ, ಅಪ್ಪಗ ಬಂದಿದ್ದು ನನಗ ಬಂದೈತಿ."

ಆಕೆ ಅಲ್ಲೇ ಕುಳಿತಳು. ಅವನು ಮುದುಕವ್ವನಿಂದ ಹಿಡಿದು ಬಸ್ಸಿನ ಟೊಪ್ಪಿಗೆಯವರೆಗೆ ಎಲ್ಲ ಹೇಳಿದ. ಒಲೆಯ ಮೇಲಿನ ರೊಟ್ಟಿ ಸೀದು ವಾಸನೆ ಬಂದರೂ ಆಕೆ ಏಳಲಿಲ್ಲ.

"ದವಾಖಾನಿಗೆ ಯಾಕ ಹೋಗಲಿಲ್ಲ?"

"ಹೋದರ ಹೌದಂತಾರ."

"ಹೋಗದಿದ್ರ ಅದೇನ ಅಲ್ಲಂತೈತೇನು? ನಾಳೆ ಮೊದಲನೇ ಬಸ್ಸಿಗೆ ಹೋಗೂದು. ನಾನೂ ಬರ್ತೀನಿ. ನೀವು ಒಬ್ಬರ ಹೋದರ ನಡುವಿನ ಸ್ಟ್ಯಾಂಡಿನ್ಯಾಗ ಇಳದ ವಾಪಸ್ ಬರಾವರ. ನಿಮ್ಮನ್ನ ನಾ ಬಲ್ಲೆ."

ಗದಗಿನ ಕಣ್ಣಿನ ಆಸ್ಪತ್ರೆಯಲ್ಲಿ ಅವನನ್ನು ಒಂದು ಅರೆಗತ್ತಲೆ ಕೋಣೆಗೆ ಕರೆದೊಯ್ದರು. ದೊಡ್ಡ ಬೋಗುಣಿಯನ್ನು ಅಡ್ಡ ನಿಲ್ಲಿಸಿದಂಥ ಬಿಳಿ ಮಷಿನ್ನು. ಅದರ ಮುಂದೆ ಗದ್ದ ಇಟ್ಟು, ಎಡಗಣ್ಣಿಗೆ ಬಟ್ಟೆ ಕಟ್ಟಿ, ಕೈಯಲ್ಲಿ ಒಂದು ಬಟನ್ ಕೊಟ್ಟರು. ಪರೀಕ್ಷೆ ಮಾಡುವ ಹುಡುಗಿಯ ಹೆಸರು ಅನಿತಾ.

"ಕಾಕಾ, ನಡುವಿನ ದೀಪ ಬಿಟ್ಟು ಕಣ್ಣ ಅಲುಗಾಡಸಬ್ಯಾಡ್ರಿ. ಎಲ್ಲೆರೆ ಸಣ್ಣ ಬೆಳಕ ಕಂಡ್ರ ಬಟನ್ ಒತ್ರಿ. ಅಷ್ಟ."

ಮಷಿನ್ನು ಪ್ರತಿ ಬೆಳಕಿಗೂ 'ಕಿರ್' ಎನ್ನುತ್ತಿತ್ತು. ಕಿರ್, ಬೆಳಕು. ಒತ್ತಿದ. ಕಿರ್, ಬೆಳಕು. ಒತ್ತಿದ. ಕಿರ್. ಏನೂ ಇಲ್ಲ. ಎಲ್ಲೋ ಒಂದು ಬೆಳಕು ಬಂದಿದೆ, ತನಗೆ ಕಾಣಲಿಲ್ಲ. ಆಮೇಲೆ ಬೆರಳು ಕಣ್ಣಿನ ಮಾತು ಕೇಳಲಿಲ್ಲ. ಕಿರ್ ಎಂದಾಗಲೆಲ್ಲ ಒತ್ತಿತು. ಜೀವನವಿಡೀ ಬಟನ್ ಒತ್ತಿದ ಬೆರಳು, ತಾಳ ಹಿಡಿಯುವುದು ಅದಕ್ಕೆ ಕಷ್ಟವಾಗಲಿಲ್ಲ.

ಅನಿತಾ ಮಷಿನ್ನು ನಿಲ್ಲಿಸಿದಳು.

"ಕಾಕಾ, ಸಿಟ್ಟಾಗಬ್ಯಾಡ್ರಿ. ಬೆಳಕ ಇಲ್ಲದಾಗೂ ಒತ್ತಾಕತ್ತೀರಿ. ಇದು ನಡುನಡುವ ಬೆಳಕ ಬಿಡದನ ಬರೇ ಸಪ್ಪಳ ಮಾಡತೈತ್ರಿ. ಅದಕ್ಕೂ ಒತ್ತೀರಿ."

ಕತ್ತಲೆಯಲ್ಲಿ ಅವನ ಮೋರೆ ಆಕೆಗೆ ಕಾಣಲಿಲ್ಲ. "ಭಾಳ ಒತ್ತಿದ್ರ ಕಣ್ಣ ಚಲೋ ಐತಿ ಅಂತ ಬರೀತಾರ ಅಂದುಕೊಂಡ್ನಿ, ತಂಗಿ."

"ಏನ ಕೆಲಸ ಮಾಡ್ತೀರಿ ಕಾಕಾ?"

"ಫೋಟೋ ತಗೀತೀನಿ."

"ಮತ್ತ ಮಂದಿ ಕಣ್ಣ ಮುಚ್ಚಿಕೊಂಡಾಗ ಬಟನ್ ಒತ್ತಿ ಚಲೋ ಬಂತು ಅಂತೀರೇನ್ರಿ?"

ಸುಭಾನಿ ಸಣ್ಣಗೆ ನಕ್ಕ. "ನನಗ ಅಂಜಿಕಿ ಆಗೈತಿ ಮಗಳ. ಸ್ವಲ್ಪ ತಡಿ."

ಆಕೆ ತಡೆದಳು. ಹೊರಗೆ ಶರೀಫಾಬಿ ಯಾರಿಗೋ ತಮ್ಮ ಊರಿನ ಹೆಸರು ಹೇಳುತ್ತಿದ್ದುದು ಕೇಳುತ್ತಿತ್ತು. ಅವನು ಮತ್ತೆ ಗದ್ದ ಇಟ್ಟ. ಈ ಸಲ ಕಂಡದ್ದಕ್ಕೆ ಮಾತ್ರ ಒತ್ತಿದ. ಕಿರ್ ಎಂದು ಏನೂ ಬರದಾಗ ಬೆರಳನ್ನು ಎತ್ತಿ ಹಿಡಿದು ಕುಳಿತ. ಅಂಥ ಗಳಿಗೆಗಳು ಅವನು ಅಂದುಕೊಂಡದ್ದಕ್ಕಿಂತ ಹೆಚ್ಚಿದ್ದವು. ಒಂದೊಂದು ಸಲವೂ ಕತ್ತಲೆಯಲ್ಲಿ ಒಂದು ಮೆಟ್ಟಿಲು ಕೆಳಗಿಳಿದಂತೆ ಆಗುತ್ತಿತ್ತು.

"ಈಗ ಎಡಗಣ್ಣ," ಎಂದಳು ಅನಿತಾ, ಬಟ್ಟೆ ಬಿಚ್ಚಿ ಬಲಗಣ್ಣಿಗೆ ಕಟ್ಟುತ್ತ.

ಇಷ್ಟು ದಿನ ತಪ್ಪಿಸಿಕೊಂಡು ಓಡಾಡಿದ್ದು ಇದೊಂದರಿಂದಲೇ. ಅವನು ಎದ್ದೇಬಿಡುತ್ತಿದ್ದ, ಬಾಗಿಲ ಹೊರಗೆ ಹೆಂಡತಿ ಇದ್ದಾಳೆ ಎಂಬುದು ಅವನನ್ನು ಕೂರಿಸಿತು. ಗದ್ದ ಇಟ್ಟ. ಕಿರ್. ಬೆಳಕು. ಕಿರ್. ಬೆಳಕು. ಮೂಲೆಯಲ್ಲಿ, ತೀರ ಕೆಳಗೆ, ಸಾಸಿವೆಯಷ್ಟು ಸಣ್ಣದು. ಕಂಡಿತು. ಒತ್ತಿದ. ಬರೇ ಸಪ್ಪಳ ಬಂದಾಗ ಇದು ಮೋಸದ ಸಪ್ಪಳವೋ, ತನ್ನ ಕಣ್ಣೇ ಹೋಯಿತೋ ತಿಳಿಯದೆ ಒದ್ದಾಡಿದ, ಆದರೂ ಒತ್ತಲಿಲ್ಲ. ಮುಗಿದಾಗ ಅಂಗಿ ಮೈಗೆ ಅಂಟಿತ್ತು.

ಡಾಕ್ಟರಮ್ಮ ಕಾಗದ ನೋಡಿ ಮುಚ್ಚಿಡದೆ ಹೇಳಿದರು. "ಕಣ್ಣಿನೊಳಗಿನ ಒತ್ತಡ ಏರಿ ಬಲಗಣ್ಣಾಗ ನೋಟ ಹೋದದ್ದು ಹೋತ್ರಿ, ತಿರುಗಿ ಬರೂದಿಲ್ಲ. ಎಡಗಣ್ಣಾಗೂ ಒತ್ತಡ ಐತಿ, ಆದ್ರ ನೋಟ ಪೂರ್ತಿ ಉಳದೈತಿ. ಹನಿ ಒಂದ ದಿನಾನೂ ತಪ್ಪಿಸಬಾರದು. ವರ್ಷಾ ವರ್ಷಾ ಬಂದು ಈ ಪರೀಕ್ಷೆ ಮಾಡಿಸಬೇಕು."

"ನಮ್ಮಪ್ಪಗೂ ಇದ ಇತ್ತೇನ್ರಿ?"

"ಇದ್ದಿರಬಹುದು. ಮನಿತನದಾಗ ಬರತೈತಿ. ಅವರು ಯಾರಿಗೂ ತೋರಿಸಿರಲಿಕ್ಕಿಲ್ಲ. ನಿಮಗ ಲಗೂ ಗೊತ್ತಾತು. ಅದು ಹ್ಯಾಂಗ ಗೊತ್ತಾತ್ರಿ? ಎರಡೂ ಕಣ್ಣ ತಗದಾಗ ಯಾರಿಗೂ ಗೊತ್ತಾಗೂದಿಲ್ಲಲ್ಲ?"

ಶರೀಫಾಬಿಯೇ ಹೇಳಿದಳು: "ಹೊಸಾ ಕ್ಯಾಮರಾ ತಂದಿದ್ರು. ಅದು ಹೇಳ್ತು."

ಎಡಗಣ್ಣಿನಿಂದ ಕೆಲಸ ಕಲಿಯುವುದಕ್ಕೆ ಅವನಿಗೆ ಒಂದು ಮಳೆಗಾಲವೇ ಹಿಡಿಯಿತು. ಬಲಗಣ್ಣೊಂದನ್ನೇ ಮುಚ್ಚಲು ಬರುತ್ತಿರಲಿಲ್ಲ. ಮುಚ್ಚಲು ಹೋದರೆ ಎರಡೂ ಮುಚ್ಚುತ್ತಿದ್ದವು, ಇಲ್ಲವೇ ಅರ್ಧ ಮೋರೆ ಸೊಟ್ಟಗಾಗುತ್ತಿತ್ತು. ಕೂಸುಗಳು ಅದನ್ನೇ ನೋಡಿ ನಗತೊಡಗಿದಾಗ, ಇದೂ ಒಂದು ಉಪಯೋಗವಾಯಿತು ಎಂದ. ಪ್ರತಿ ಫೋಟೋಕ್ಕೂ ಮೂಗು ಸ್ಕ್ರೀನಿಗೆ ಒತ್ತಿ ಅದರ ಮೇಲೆ ಎಣ್ಣೆಯ ಗುರುತು ಬೀಳುತ್ತಿತ್ತು. ಹೆಗಲ ಮೇಲೊಂದು ಮೆತ್ತನೆಯ ಅರಿವೆ ಇಟ್ಟುಕೊಂಡು ಒರೆಸುತ್ತಿದ್ದ. ಹನಿಗಳನ್ನು ಶರೀಫಾಬಿಯೇ ಬಿಡುತ್ತಿದ್ದಳು, ಮುಂಜಾನೆ ಮತ್ತು ಸಂಜೆ. ಕೆಲಸ ನಡೆಯಿತು. ಮದುವೆ, ನಾಮಕರಣ, ಸಾಲೆಯ ಗುಂಪುಚಿತ್ರ, ಎಲ್ಲ ನಡೆಯಿತು.

ಅಂಜಿಕೆ ಹೋಗಲಿಲ್ಲ. ವರ್ಷಕ್ಕೊಮ್ಮೆ ಗದಗಿನ ಬಸ್ಸು ಹತ್ತುವ ದಿನ ಹತ್ತಿರ ಬಂದಂತೆ ಅವನ ಚಾಷ್ಟಿ ಕಡಿಮೆಯಾಗುತ್ತಿತ್ತು, ಊಟ ಕಡಿಮೆಯಾಗುತ್ತಿತ್ತು. ಹಿಂದಿನ ರಾತ್ರಿ ನಿದ್ದೆ ಇರುತ್ತಿರಲಿಲ್ಲ. ಆದರೂ ಒಂದು ವರ್ಷವೂ ತಪ್ಪಿಸಲಿಲ್ಲ. ಆ ಬೋಗುಣಿಯ ಮುಂದೆ ಗದ್ದ ಇಟ್ಟು, ಬಂದದ್ದಕ್ಕೆ ಒತ್ತಿ, ಬಾರದ್ದಕ್ಕೆ ಸುಮ್ಮನಿದ್ದು, ಹೊರಗೆ ಬಂದು ಹೆಂಡತಿಯ ಪಕ್ಕ ಕುಳಿತು ಕಾಯುತ್ತಿದ್ದ.

ಈ ವರ್ಷದ ತಾರೀಖು ಅವನು ತೀರಿಕೊಂಡ ಮೇಲೆ ಬಂತು. ಮಧ್ಯಾಹ್ನ ಅನಿತಾಳ ಫೋನು ಬಂದಾಗ ಶರೀಫಾಬಿ ಬಂದವರಿಗೆ ಚಹಾ ಸೋಸುತ್ತಿದ್ದಳು.

"ಕಾಕಾ ಯಾಕ ಬರಲಿಲ್ರಿ ಈ ಸಲ? ಅಂಜಿದ್ರೇನು ಮತ್ತ?"

"ಇಲ್ಲವ್ವ. ಅವರು ತೀರಿಕೊಂಡ್ರು."

ಶರೀಫಾಬಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಎದಿ ನಿಂತ ಹೋದ್ರು. ಕಣ್ಣ ಚಲೋ ಇದ್ವು, ಮಗಳ. ಆ ದಿನಾ ಮುಂಜಾನೆನೂ ಹನಿ ಬಿಟ್ಟಿದ್ನಿ. ಎಡಗಣ್ಣ ಕಡೀತನಕಾ ಚಲೋ ಇತ್ತು. ನಿಮ್ಮ ಡಾಕ್ಟರಿಗೆ ಅಷ್ಟ ಹೇಳಿಬಿಡು."